ಎರಡನೇ ಅರ್ಜಿ

ನಗರಸಭೆಯ ಮುಖ್ಯಾಧಿಕಾರಿಗಳಿಗೆ ನಮಸ್ಕಾರ.

ನಾನು ಮೂರನೇ ಅಡ್ಡರಸ್ತೆಯಲ್ಲಿ ಬಟ್ಟೆ ಹೊಲಿಯುವವಳು. ನಮ್ಮ ರಸ್ತೆಯ ಎರಡೂ ಬದಿ ಕಾರು ನಿಲ್ಲಿಸುತ್ತಾರೆ, ಬೇರೆ ಜಾಗ ಮಾಡಿಕೊಡಿ ಎಂದು ಹೋದ ವರ್ಷ ಅರ್ಜಿ ಬರೆದವಳೂ ನಾನೇ. ನಮ್ಮ ಮಾವನವರಿಗೆ ಲಕ್ವ ಹೊಡೆದ ದಿನ ಆಂಬುಲೆನ್ಸ್ ಒಳಗೆ ಬರಲಾಗದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆ ತುದಿಯವರೆಗೆ ಹೊತ್ತುಕೊಂಡು ಹೋಗಿದ್ದೆವು. ಆ ಅರ್ಜಿಗೆ ಐವತ್ತೆರಡು ಮನೆಯವರು ಸಹಿ ಹಾಕಿದ್ದರು.

ನೀವು ಜಾಗ ಕೊಟ್ಟಿರಿ. ಕಾರು ನಿಲ್ಲಿಸಲು ನಮ್ಮ ಮನೆಯೆದುರಿನ ಪಾರ್ಕನ್ನೇ ಕೊಟ್ಟುಬಿಟ್ಟಿರಿ. ಬರುವ ಗುರುವಾರ ಮರ ಕಡಿಯುತ್ತೇವೆ ಎಂಬ ನೋಟಿಸನ್ನು ಅದರ ಗೇಟಿಗೆ ಅಂಟಿಸಿದ್ದಾರೆ.

ಮಾವ ಬಸ್ ಓಡಿಸುತ್ತಿದ್ದವರು. ಈಗ ಅದೇ ಪಾರ್ಕಿನ ಬೇಲಿಯ ಕಂಬಿ ಹಿಡಿದುಕೊಂಡು ಮತ್ತೆ ನಡೆಯಲು ಕಲಿಯುತ್ತಿದ್ದಾರೆ. ಹೋದ ವಾರ ಮೂರನೇ ಬೆಂಚು ಮುಟ್ಟಿ, "ನೋಡಮ್ಮ, ಇವತ್ತು ಒಂದು ಸ್ಟಾಪ್ ಮುಂದೆ ಬಂದೆ" ಎಂದು ನಕ್ಕರು.

ಪಾರ್ಕು ಉಳಿಸೋಣ, ಸಹಿ ಹಾಕಿ ಎಂದು ಮತ್ತೆ ಮನೆಮನೆಗೆ ಹೋದೆ. "ಅಕ್ಕಾ, ಜಾಗ ಕೇಳಿದ್ದು ನೀವೇ ಅಲ್ವಾ?" ಅಂದರು. ಸಿಕ್ಕ ಆರು ಸಹಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಚೇರಿಗೂ ಬಂದಿದ್ದೆ. "ಆದೇಶ ಆಗಿಹೋಗಿದೆ, ಇನ್ನೇನೂ ಮಾಡಕ್ಕಾಗಲ್ಲ" ಎಂದು ಗುಮಾಸ್ತರು ವಾಪಸ್ ಕಳಿಸಿದರು.

ಹಾಗಾಗಿ ಒಂದೇ ಕೋರಿಕೆ. ಮರ ಕಡಿಯುವವರನ್ನು ಗುರುವಾರ ಹತ್ತು ಗಂಟೆಯ ಮೇಲೆ ಕಳಿಸಿ. ಅಷ್ಟರಲ್ಲಿ ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತೇನೆ. ಅವರ ಕಣ್ಣೆದುರು ಕಡಿಯುವುದು ಬೇಡ. ವಾಪಸ್ ಬಂದಾಗ ಅವರಿಗೆ ಏನು ಹೇಳಬೇಕೆಂದು ನನಗಿನ್ನೂ ಗೊತ್ತಾಗಿಲ್ಲ.

ಇಂತಿ,
ಮೂವತ್ತೊಂದನೇ ನಂಬರಿನ ಮನೆಯ ಸೊಸೆ