ಬೆರಳು ನೋಡುವ ದೀಪ

ಪ್ರೀತಿಯ ಅತ್ತೆ,

ಮೊದಲು ಕನ್ನಡಕ ಹಾಕಿಕೊಳ್ಳಿ. ಮಾವನ ಕೈಗೆ ಕೊಟ್ಟು ಓದಿಸಬೇಡಿ, ಅವರು ಅರ್ಧ ಓದಿ ಉಳಿದರ್ಧ ತಮ್ಮದೇ ಸೇರಿಸುತ್ತಾರೆ. ಫೋನಿನಲ್ಲಿ ನಾನು ಗಂಟಲು ಹರಿದುಕೊಳ್ಳುವುದು, ನೀವು ಆ ಕಡೆಯಿಂದ ಎಲ್ಲದಕ್ಕೂ "ಹೂಂ, ಹೂಂ" ಎನ್ನುವುದು ಸಾಕಾಗಿ ಈ ಕಾಗದ ಬರೆಯಲು ಕೂತಿದ್ದೇನೆ. ನಿಮ್ಮ ಮಗನಿಗೇ ಬರೆಯಲು ಹೇಳಿದೆ. "ನಂಗೆ ಕತ್ತರಿ ಹಿಡಿಯೋದು ಬರುತ್ತೆ, ಪೆನ್ನು ನೀನೇ ಹಿಡಿ" ಎಂದು ಸಲೂನಿನ ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟರು. ಕರೆಂಟಿನ ವಿಷಯ ಎಂದರೆ ಆ ಮನುಷ್ಯ ಮೊದಲಿನಿಂದಲೂ ಮಾರು ದೂರ.

ನೀವು ಹಿಟ್ಟಿನ ಗಿರಣಿ ಬಿಟ್ಟುಬಿಡುವ ಮಾತು ಎತ್ತಿದಂದಿನಿಂದ ನಿಮಗೆ ಹೇಳಬೇಕಾದ್ದು ನನ್ನೊಳಗೆ ಬೇಕಾದಷ್ಟು ಸೇರಿಕೊಂಡಿದೆ. ಎದುರಿಗೆ ನಿಂತರೆ ಬಾಯಿಗೆ ಬರುವುದಿಲ್ಲ. ನೀವು ಹುಬ್ಬೇರಿಸಿದರೆ ಸಾಕು, ನನ್ನ ಮಾತು ಅಲ್ಲಿಗೇ ಮುಗಿಯುತ್ತದೆ.

ನೆನಪಿದೆಯೇ, ನಿಮ್ಮ ಮಗ ನನ್ನನ್ನು ನಿಮಗೆ ತೋರಿಸಲು ಮೊದಲ ಸಲ ಕರೆತಂದದ್ದು ಮನೆಗಲ್ಲ, ಗಿರಣಿಗೆ. ಮಾವ ಒಂದೇ ಸಮನೆ ಮಾತಾಡುತ್ತಿದ್ದರು, ನೀವು ನನ್ನನ್ನು ಕಣ್ಣಲ್ಲೇ ಅಳೆಯುತ್ತಿದ್ದಿರಿ. ಗೋಡೆಯ ಮೇಲೆ ಮೋಟಾರು ಓಡಿಸುವ ಸ್ಟಾರ್ಟರ್ ಪೆಟ್ಟಿಗೆಯಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಪ್ಯಾನೆಲ್ ಬೋರ್ಡುಗಳಿಗೆ ವೈರ್ ಜೋಡಿಸುವ ನನಗೆ ಅದನ್ನು ಕೇಳಿಯೂ ಸುಮ್ಮನಿರಲು ಆಗಲಿಲ್ಲ. "ಒಂದ್ನಿಮಿಷ ಮೇನ್ ಆಫ್ ಮಾಡ್ತೀರಾ?" ಎಂದೆ. ಪೆಟ್ಟಿಗೆಯೊಳಗೆ, ಒಂದಕ್ಕೊಂದು ಕಚ್ಚಿಕೊಳ್ಳಬೇಕಾದ ಎರಡು ಕಬ್ಬಿಣದ ತುಂಡುಗಳ ನಡುವೆ ಹಿಟ್ಟು ಮೆತ್ತಿಕೊಂಡಿತ್ತು. ಪೂರ್ತಿ ಅಂಟಲಾರದೆ ಅವು ನಡುಗುತ್ತಿದ್ದವು, ಆ ನಡುಕವೇ ಸದ್ದು. ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಿದೆ. ನೀವು ಮೇನ್ ಹಾಕಿ ಸ್ಟಾರ್ಟ್ ಗುಂಡಿ ಒತ್ತಿದಿರಿ. ಟಕ್. ಅಷ್ಟೇ, ಗುಂಯ್ ಇಲ್ಲ. ಮಗನ ಕಡೆ ತಿರುಗಿ, "ಕೈ ಕೊಳೆ ಮಾಡ್ಕೊಳ್ಳೋಕೆ ಹೇಸೋ ಹುಡುಗಿ ಅಲ್ಲ. ಆಗ್ಲಿ" ಎಂದಿರಿ. ನನ್ನ ಮದುವೆ ನಿಶ್ಚಯವಾದದ್ದು ಸ್ಟಾರ್ಟರಿನ ಮುಂದೆ ಎಂದರೆ ಕಾರ್ಖಾನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಆಮೇಲೆ ನೀವು ನನ್ನನ್ನು ಬಿಟ್ಟಿರಾ? ಇಷ್ಟು ವರ್ಷ ಒತ್ತಿದ ಗುಂಡಿಯ ಹಿಂದೆ ಏನು ನಡೆಯುತ್ತದೆ ಹೇಳು ಎಂದು ಬೆನ್ನು ಬಿದ್ದಿರಿ. ಮೋಟಾರು ಎಳೆಯುವ ಕರೆಂಟನ್ನು ಆ ಪುಟ್ಟ ಗುಂಡಿ ತಾಳಲಾರದು ಅತ್ತೆ, ಎಂದೆ. ಗುಂಡಿಯಿಂದ ಹೋಗುವ ಸಣ್ಣ ಕರೆಂಟು ಒಂದು ತಂತಿಯ ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಅಯಸ್ಕಾಂತ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಮೂರು ದಪ್ಪ ಲೋಹದ ಬಿಲ್ಲೆಗಳು ಬಂದು ಕೂಡಿಕೊಂಡು ಮೋಟಾರಿಗೆ ದೊಡ್ಡ ಕರೆಂಟು ಬಿಡುತ್ತವೆ. ಈ ಇಡೀ ಏರ್ಪಾಟಿಗೆ ಕಾಂಟ್ಯಾಕ್ಟರ್ ಎಂದು ಹೆಸರು. ನೀವು, "ನಾನು ಮೆಲ್ಲಗೆ ಕೆಮ್ಮಿದ್ರೆ ನಿಮ್ಮ ಮಾವ ಎದ್ದು ಮೂಟೆ ಎತ್ತಲ್ವಾ, ಹಾಗೆ" ಎಂದಿರಿ. ಅದರ ಕೆಳಗೆ ಕೂತಿರುವ ಓವರ್‌ಲೋಡ್ ರಿಲೇಯ ವಿಷಯವನ್ನೂ ಹೇಳಿದೆ. ಭಾರ ಹೆಚ್ಚಾಗಿ ಮೋಟಾರು ಏದುಸಿರು ಬಿಟ್ಟರೆ ರಿಲೇಯೊಳಗಿನ ಲೋಹದ ಪಟ್ಟಿಗಳು ಬಿಸಿಯಾಗಿ ಬಾಗುತ್ತವೆ, ಸುರುಳಿಯ ಕರೆಂಟನ್ನು ಕಡಿದುಬಿಡುತ್ತವೆ, ತಣ್ಣಗಾಗುವ ತನಕ ಯಾರ ಮಾತನ್ನೂ ಕೇಳುವುದಿಲ್ಲ. "ಇದೂ ನಿಮ್ಮ ಮಾವನೇ" ಎಂದಿರಿ. "ಏನದು, ನನ್ನ ಹೆಸರು ಬಂತಲ್ಲ?" ಎಂದು ಅವರು ಆಚೆಯಿಂದ ಕೂಗಿದಾಗ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಿಮ್ಮ ಕಿವಿಯ ಮೇಲೆ ನನಗೆ ಆಗಲೇ ಸ್ವಲ್ಪ ಹೊಟ್ಟೆಕಿಚ್ಚು. ಎರಡು ಮೋಟಾರುಗಳು ಗೋಡೆಯ ಆಚೆ, ಬೆಲ್ಟಿನ ಮೇಲೆ ತಗಡಿನ ಹೊದಿಕೆ, ಬೀಸುವ ಕಲ್ಲುಗಳು ಮುಚ್ಚಳದೊಳಗೆ. ಕಣ್ಣಿಗೆ ಏನೂ ಕಾಣದು. ಒಂದು ಕಲ್ಲನ್ನು ನಿಲ್ಲಿಸಿದರೂ ಪಕ್ಕದ ಕಲ್ಲಿನ ಓಟಕ್ಕೆ ನೆಲವೆಲ್ಲ ಅದುರುತ್ತಲೇ ಇರುತ್ತದೆ. ಆ ಗದ್ದಲದಲ್ಲೂ ನೀವು ಸ್ಟಾಪ್ ಒತ್ತಿ, ಕಾಂಟ್ಯಾಕ್ಟರ್ ಬಿಟ್ಟುಕೊಂಡ ಟಕ್ ಸದ್ದನ್ನು ಹೆಕ್ಕಿ ತೆಗೆಯುತ್ತಿದ್ದಿರಿ. ಕರೆಂಟು ಬಿಟ್ಟಿತು, ಇನ್ನು ಕಲ್ಲು ಉರುಳಿ ಉರುಳಿ ತಾನೇ ನಿಲ್ಲುತ್ತದೆ ಎಂಬ ಧೈರ್ಯ ನಿಮಗೆ ಸಿಗುತ್ತಿದ್ದದ್ದು ಅದರಿಂದ. ಕಾದು, ಮುಚ್ಚಳ ತೆಗೆದು, ಕಟ್ಟಿಕೊಂಡ ಹಿಟ್ಟನ್ನು ಕೈಹಾಕಿ ಬಿಡಿಸುತ್ತಿದ್ದಿರಿ.

ಕಿವಿ ಮಂದವಾಗುತ್ತಿದೆ ಎಂದು ನಿಮಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ಆ ದಿನ ನೀವು ಸ್ಟಾಪ್ ಒತ್ತಿ, ಕಾದು, ಮುಚ್ಚಳಕ್ಕೆ ಕೈ ಹಾಕಿದಾಗ ಮಾವ ಓಡಿಬಂದು ನಿಮ್ಮ ಮೊಣಕೈ ಹಿಡಿದೆಳೆದರಂತೆ. ಕಾಂಟ್ಯಾಕ್ಟರಿನ ಮೂರು ಬಿಲ್ಲೆಗಳಲ್ಲಿ ಎರಡು ಸವೆದು, ಕಾದು, ಬೆಸೆದುಕೊಂಡುಬಿಟ್ಟಿದ್ದವು. ಸುರುಳಿ ಕೈಬಿಟ್ಟರೂ ಬಿಲ್ಲೆಗಳು ಬಿಡದೆ, ಕಬ್ಬಿಣದ ತುಂಡು ಅರ್ಧ ದಾರಿಯಲ್ಲೇ ನಿಂತಿತ್ತು. ಮೋಟಾರು ಒಳಗೊಳಗೇ ಕಲ್ಲನ್ನು ತಿರುಗಿಸುತ್ತಲೇ ಇತ್ತು. ಟಕ್ ಎನ್ನಲಿಲ್ಲ ಎಂದು ಮಾವನಿಗೆ ಗೊತ್ತಾಯಿತು, ನಿಮಗೆ ಆಗಲಿಲ್ಲ. ಆವತ್ತು ಸಂಜೆ ಫೋನಿನಲ್ಲಿ ನೀವು, "ಕಿವಿ ಕೇಳದವಳು ಕಲ್ಲಿನ ಮುಂದೆ ನಿಲ್ಲಬಾರ್ದು. ಗಿರಣಿ ಕೊಟ್ಬಿಟ್ಟು ನಿಮ್ಮನೆಗೇ ಬರ್ತೀನಿ" ಎಂದಿರಿ. ನಿಮ್ಮ ದನಿಯಲ್ಲಿ ಜಗಳವಿರಲಿಲ್ಲ, ಅದೇ ನನಗೆ ಭಯವಾದದ್ದು.

ನಿಮ್ಮ ಬೀದಿಯ ಕೊನೆಯಲ್ಲಿರುವ ಎಲೆಕ್ಟ್ರಿಷಿಯನ್ ಕಾಂಟ್ಯಾಕ್ಟರ್ ಬದಲಿಸಿ, ನಿಮಗೆ ಅನುಕೂಲವಾಗಲಿ ಎಂದು ಪ್ರೀತಿಯಿಂದಲೇ ಒಂದು ಕೆಂಪು ದೀಪ ಹಾಕಿಕೊಟ್ಟ. ಓಡುವಾಗ ಉರಿಯುತ್ತದೆ, ನಿಲ್ಲಿಸಿದರೆ ಆರುತ್ತದೆ. ನಮಗೆಲ್ಲ ಖುಷಿಯೋ ಖುಷಿ. ನೀವು ಮಾತ್ರ ನಾಲ್ಕು ಸಲ ಒತ್ತಿ ನೋಡಿ ಮೂಗು ಮುರಿದಿರಿ. "ಇದು ನನ್ನ ಬೆರಳು ನೋಡ್ಕೊಂಡು ಆರೋ ದೀಪ. ಮೋಟಾರು ನೋಡ್ಕೊಂಡು ಅಲ್ಲ." ನಿಮ್ಮ ಮಗ ಇದು ಬರೀ ಹಟ ಎಂದರು. ನನಗೂ ಹಾಗೇ ಅನಿಸಿತ್ತು, ಪೆಟ್ಟಿಗೆ ಬಿಚ್ಚುವ ತನಕ. ದೀಪದ ವೈರು ಸುರುಳಿಯ ಎರಡು ತುದಿಗೆ ಸೇರಿತ್ತು. ನೀವು ಆಜ್ಞೆ ಕೊಟ್ಟಿರಿ ಎಂಬುದಷ್ಟೇ ಅದಕ್ಕೆ ಗೊತ್ತು. ಕಾಂಟ್ಯಾಕ್ಟರ್ ಆ ಆಜ್ಞೆ ಪಾಲಿಸಿತೋ ಇಲ್ಲವೋ, ಅದಕ್ಕೆ ಸುದ್ದಿಯೇ ಇಲ್ಲ. ಆವತ್ತು ಬಿಲ್ಲೆಗಳು ಬೆಸೆದುಕೊಂಡಾಗ ಈ ದೀಪ ಇದ್ದಿದ್ದರೂ ಜಾಣನ ಹಾಗೆ ಆರಿ ಕೂತಿರುತ್ತಿತ್ತು.

ಅದಕ್ಕೇ ನಾನು ಕಾರ್ಖಾನೆಯಲ್ಲಿ ಮೇಸ್ತ್ರಿಯ ಅನುಮತಿ ಕೇಳಿ, ಊಟದ ಬಿಡುವಿನಲ್ಲಿ ನಿಮಗಾಗಿ ಹೊಸ ಪೆಟ್ಟಿಗೆ ಕಟ್ಟಿದೆ. ಕಾಂಟ್ಯಾಕ್ಟರಿನ ಮೈಗೇ ಅಂಟಿದ ಒಂದು ಪುಟ್ಟ ಸಂಪರ್ಕವಿದೆ. ದಪ್ಪ ಬಿಲ್ಲೆಗಳು ಕೂಡಿದರೆ ಅದು ಬಿಡುತ್ತದೆ, ಮೂರೂ ನಿಜವಾಗಿ ದೂರವಾದರೆ ಮಾತ್ರ ಅದು ಕೂಡುತ್ತದೆ. ಅದು ಕೂಡಿದರಷ್ಟೇ ಉರಿಯುವಂತೆ ಒಂದು ಹಸಿರು ದೀಪ ಜೋಡಿಸಿದೆ. ವೈರು ಬಿಗಿಯುವಾಗೆಲ್ಲ ಕಣ್ಣ ಮುಂದೆ ನಿಮ್ಮ ಕೈಯೇ ಇತ್ತು. ಒಂದೊಂದು ಸ್ಕ್ರೂವನ್ನೂ ಎರಡೆರಡು ಸಲ ಬಿಗಿದು ನೋಡಿದೆ.

ಭಾನುವಾರ ಅದನ್ನು ಗೋಡೆಗೆ ಹಾಕಿದಾಗ ನೀವು ಬಾಯಿಮಾತಿಗೆ ಒಪ್ಪುವವರಲ್ಲ ಎಂದು ಗೊತ್ತಿತ್ತು. ಮೋಟಾರಿನ ಫ್ಯೂಸುಗಳನ್ನು ತೆಗೆದಿಟ್ಟು, ಗುಂಡಿ, ದೀಪಗಳ ಲೈನನ್ನಷ್ಟೇ ಉಳಿಸಿಕೊಂಡೆ. ನೀವು ಮೊದಲು ಸ್ಟಾರ್ಟ್, ಆಮೇಲೆ ಸ್ಟಾಪ್ ಒತ್ತಿದಿರಿ. ನಾನು ಒಣ ಮರದ ಕೋಲಿನಿಂದ ಕಾಂಟ್ಯಾಕ್ಟರಿನ ಅಲುಗುವ ಮೂತಿಯನ್ನು, ಬಿಲ್ಲೆಗಳು ಬೆಸೆದುಕೊಂಡಿವೆಯೋ ಎಂಬಂತೆ, ಪೂರ್ತಿ ಹಿಂದಕ್ಕೆ ಬಾರದ ಹಾಗೆ ತಡೆದು ಹಿಡಿದಿದ್ದೆ. ಹಸಿರು ಬರಲಿಲ್ಲ. ಕೋಲು ತೆಗೆದೆ, ಹಸಿರು ಹೊತ್ತಿತು. ನೀವು ಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ. ಮಾವ ಗುಂಡಿ ಒತ್ತುವುದು, ನೀವು ಕೋಲು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಕೊನೆಗೆ ಮಾವನೇ, "ಸಾಕು ಮಾರಾಯ್ತಿ, ಬೆರಳು ನೋಯ್ತಿದೆ" ಎಂದು ಕೈಮುಗಿದರು. ನೀವು ಕೋಲನ್ನು ಮೂಲೆಗಿಟ್ಟು ಒಳಗೆ ಹೋದಿರಿ. ಗಿರಣಿ ಇಟ್ಟುಕೊಳ್ಳುತ್ತೀರೋ, ಕೊಡುತ್ತೀರೋ, ಒಂದು ಮಾತೂ ಇಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನೂ ನಿಮ್ಮ ಮಗನೂ ಮುಖ ಮುಖ ನೋಡಿಕೊಂಡೆವು.

ನಿಜ ಹೇಳಲೇ ಅತ್ತೆ? ನೀವು ಬರುತ್ತೀರೆಂದು ಬೀದಿ ಕಡೆಯ ಕೋಣೆಗೆ ಸುಣ್ಣ ಬಳಿದು ಸಜ್ಜು ಮಾಡಿದ್ದೆ. ನಿಮ್ಮ ಜೊತೆ ದಿನಾ ಹರಟೆ ಹೊಡೆಯಬಹುದೆಂಬ ಆಸೆ ನನಗೂ ಇತ್ತು. ಆದರೆ ಆ ಕಿಟಕಿಯ ಪಕ್ಕ ತೊಳೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ ನಿಮ್ಮನ್ನು ನೆನೆಸಿಕೊಂಡಾಗೆಲ್ಲ ಕೋಣೆಯ ಬಾಗಿಲು ಎಳೆದುಕೊಂಡು ಬಂದುಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಮಾವನ ಫೋನ್ ಬಂತು. ಅವರು ಹೇಳಿದ್ದು ಒಂದಕ್ಷರ ತಿಳಿಯಲಿಲ್ಲ, ಹಿಂದೆ ಎರಡೂ ಕಲ್ಲುಗಳು ಅಬ್ಬರಿಸುತ್ತಿದ್ದವು. ಈ ಸಲ ಕಿವಿ ಕೇಳದವಳು ನಾನು. "ಅತ್ತೆಗೆ ಕೊಡಿ, ಅತ್ತೆಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವರೂ ಅಷ್ಟೇ ಜೋರಾಗಿ ಕೂಗಿದರು: "ಬರಲ್ವಂತೆ! ಕೈ ಬಿಡುವಿಲ್ವಂತೆ!" ಫೋನಿಗೂ ಇಲ್ಲ, ನಮ್ಮನೆಗೂ ಇಲ್ಲ! ನಾನು ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ನಗುತ್ತಲೇ ಅತ್ತುಬಿಟ್ಟೆ. ನಿಮ್ಮ ಮಗ ಬೀದಿಯಾಚೆಯ ಸಲೂನಿನಿಂದ ಗಾಬರಿಯಾಗಿ ಕತ್ತರಿ ಹಿಡಿದುಕೊಂಡೇ ಓಡಿಬಂದರು.

ಒಂದೇ ಒಂದು ಮಾತು ನೆನಪಿಡಿ. ಸ್ಟಾಪ್ ಒತ್ತಿದ ಮೇಲೆ ಹಸಿರು ಬರದಿದ್ದರೆ ಮೇನ್ ಎಳೆದುಬಿಡಿ, ಮುಚ್ಚಳ ಮುಟ್ಟಬೇಡಿ. ಬಲ್ಬು ಸುಟ್ಟುಹೋಗಿರಬಹುದು ಅನಿಸಿದರೂ ಹಾಗೇ ಮಾಡಿ. ಹಸಿರು ಬಂದರೂ ಕಲ್ಲು ನಿಲ್ಲುವ ತನಕ ತಾಳಿ. ಕರೆಂಟು ಬಿಟ್ಟಿದೆ ಎಂದಷ್ಟೇ ದೀಪ ಹೇಳುತ್ತದೆ, ಕಲ್ಲಿನ ಪರವಾಗಿ ಅದು ಮಾತು ಕೊಡುವುದಿಲ್ಲ.

ಚಿಕ್ಕವಳು ದೊಡ್ಡವರನ್ನು ಹರಸುವುದು ಅಧಿಕಪ್ರಸಂಗ ಎಂದು ಹುಬ್ಬೇರಿಸುತ್ತೀರಿ, ಗೊತ್ತು. ಈ ಒಂದು ಸಲ ಬಿಟ್ಟುಬಿಡಿ. ನಿಮ್ಮ ಹತ್ತೂ ಬೆರಳುಗಳು ಹೀಗೇ ಹಿಟ್ಟು ಮೆತ್ತಿಕೊಂಡು ಬಹುಕಾಲ ಬೆಳ್ಳಗಿರಲಿ.

ಕೈ ಬಿಡುವಾದಾಗ ಎರಡು ಸಾಲು ಬರೆಯಿರಿ, ಬಿಡುವಾಗದಿದ್ದರೆ ಇನ್ನೂ ಸಂತೋಷ.

ನಿಮ್ಮ ಸೊಸೆ