ಹೈಡ್ರೋಜನ್‌ನಲ್ಲಿ ನ್ಯೂಟ್ರಾನ್ ಇಲ್ಲ

ಜಗಳೂರು, ೧೨ ಡಿಸೆಂಬರ್ ೧೯೭೯, ಬುಧವಾರ

ಇವತ್ತು ಭೀಮಕ್ಕನ ಕೆನ್ನೆಗೆ ಹೊಡೆದೆ. ಅವಳು ಸರಿಯಾದ ಉತ್ತರ ಹೇಳಿದ್ದಕ್ಕೆ.

ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಒಂಬತ್ತನೇ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆದಿದ್ದ ಪರಮಾಣುವಿನ ಚಿತ್ರ ನೋಡಿ, "ಎಲ್ಲಾ ಪರಮಾಣುವಿನಲ್ಲೂ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಮೂರೂ ಇದ್ದೇ ಇರ್ತವೆ, ಬರ್ಕೊಳ್ರಿ" ಎಂದರು. ಎಲ್ಲರೂ ಬರೆದುಕೊಂಡರು. ಹಿಂದಿನ ಸಾಲಿನಿಂದ ಭೀಮಕ್ಕ ಎದ್ದು ನಿಂತಳು. ಕುರಿ ಕಾಯುವ ಜಯಪ್ಪನ ಮಗಳು. ಈ ಪಾಠ ನಿಜವಾಗಿ ಅರ್ಥವಾಗಿದ್ದು ಅವಳೊಬ್ಬಳಿಗೇ.

"ಹೈಡ್ರೋಜನ್‌ನಾಗೆ ನ್ಯೂಟ್ರಾನ್ ಇರಲ್ಲ ಸಾರ್. ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು, ಅಷ್ಟೇ ಐತೆ."

"ಯಾರು ಹೇಳಿದ್ದು ನಿಂಗೆ?"

"ನಮ್ ಟೀಚರ್."

ಸಾಹೇಬರು ನನ್ನತ್ತ ತಿರುಗಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ; ರಿಪೋರ್ಟ್ ಬರೆಯುವವರು ಅವರೇ. "ನಾನು ಹಂಗೆ ಹೇಳಿಲ್ಲ ಸಾರ್" ಎಂದೆ. ಅಷ್ಟು ಸಾಲದು ಅನ್ನಿಸಿ, ಅವಳ ಹತ್ತಿರ ಹೋಗಿ ಹೊಡೆದೆ. ಸಾಹೇಬರು ನಕ್ಕರು. ತರಗತಿಯೂ ನಕ್ಕಿತು.

ಸಂಜೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಕೆನ್ನೆ ಊದಿತ್ತು.

"ಪರೀಕ್ಷೆನಾಗೆ ಯಾವುದು ಬರೀಲಿ ಟೀಚರ್?"

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಒಳಗೆ ಸಾಹೇಬರು ಕಾಫಿ ಕುಡಿಯುತ್ತಿದ್ದರು. "ಸಾಹೇಬ್ರು ಹೇಳಿದ್ದನ್ನೇ ಬರಿ" ಎಂದೆ, ಅವರಿಗೂ ಕೇಳುವಷ್ಟು ಜೋರಾಗಿ.

ಅವಳು ಅಲ್ಲೇ ನೆಲದ ಮೇಲೆ ಕೂತು, ನೋಟ್ ಪುಸ್ತಕದಲ್ಲಿದ್ದ ಸರಿಯಾದ ಸಾಲನ್ನು ಹೊಡೆದುಹಾಕಿದಳು. ಕೆಳಗೆ ತಪ್ಪನ್ನು ಗುಂಡಾಗಿ ಬರೆದು, ನೋಡಿ ಎಂದು ಪುಸ್ತಕ ಚಾಚಿದಳು.

ಕೆಂಪು ಪೆನ್ನಿನಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದೆ.