ಬೆನ್ನಿಗೆ ಮಣ್ಣು ತಾಗಿದ ದಿನ

ಹಗರಿ ದಂಡೆಯ ಗರಡಿ ಮನೆ,
ಎರಡನೆಯ ಶ್ರಾವಣದ ಮೂವತ್ತನಾಲ್ಕನೆಯ ದಿನ,
ಹೊರುಗ ಬಂದ ನೂರಾ ಹನ್ನೊಂದನೆಯ ವರ್ಷ.

ನನಗಿಂತ ಬಹಳ ಹಿಂದೆ ಹುಟ್ಟಿ, ಇನ್ನೂ ನೆಲದ ಮೇಲೆ ಕೂತು ಉಣ್ಣುವ ತಾಯಿಗೆ ಶರಣು.

ತಿಥಿ ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳನ್ನು ಮಳೆ ನೋಡಿ ಮುಗಿಸುತ್ತಾರೆ. ಮಳೆ ಬಾರದಿದ್ದರೆ ತಿಂಗಳೂ ಮುಗಿಯುವುದಿಲ್ಲ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಗರಡಿಯ ಕೆಲಸ ಬಿಟ್ಟುಕೊಡುವವರು ತಮಗಿಂತ ಹಿಂದಿನ ಯಾರಿಗಾದರೂ ಒಂದು ಓಲೆ ಬರೆದು ಕುಸ್ತಿಯ ಮಣ್ಣಿನಲ್ಲಿ ಹೂಳಬೇಕೆಂಬ ಪದ್ಧತಿ ನಮ್ಮಲ್ಲಿದೆ. ಮಣ್ಣಿಗೆ ಹಿಂದಿನ ದಾರಿ ಗೊತ್ತಿರುತ್ತದೆಂದು ಹಿರಿಯರು ನಂಬಿದ್ದರು. ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಬರೆಯುತ್ತಿದ್ದೇನೆ, ಇವತ್ತು ಬೇರೆ ಕೆಲಸಕ್ಕೆ ಮೈ ಏಳುತ್ತಿಲ್ಲ.

ನಾನು ಸಿರಿಯಮ್ಮ, ಈ ಗರಡಿಯ ವಸ್ತಾದಿ, ಅಂದರೆ ಕುಸ್ತಿ ಕಲಿಸುವವಳು. ನಿನ್ನೆಯವರೆಗೆ ಆಗಿದ್ದೆ. ಹೊರುಗ ಎಂದರೆ ಸೊಂಟದಿಂದ ಹಿಮ್ಮಡಿಯವರೆಗೆ ಕಟ್ಟಿಕೊಳ್ಳುವ ಯಂತ್ರ. ಅದು ನಮ್ಮನ್ನು ನಡೆಸುತ್ತದೆ, ಕೂರಿಸುತ್ತದೆ, ಎಡವಿದರೆ ಹಿಡಿದುಕೊಳ್ಳುತ್ತದೆ. ಮೊದಲು ಮಂಡಿನೋವಿನ ಮುದುಕರಿಗೆಂದು ಬಂತಂತೆ. ಆಮೇಲೆ ಬಾಣಂತಿಯರಿಗೆ, ಆಮೇಲೆ ಎಲ್ಲರಿಗೂ. ಈಗ ಮಗುವಿಗೆ ಐದು ತುಂಬಿದರೆ ಸೊಂಟ ಕಟ್ಟುವ ಶಾಸ್ತ್ರ ಮಾಡಿ, ಹೋಳಿಗೆ ಊಟ ಹಾಕಿಸುತ್ತಾರೆ. ನಮ್ಮ ಮನೆಗಳಲ್ಲಿ ಸೊಂಟಕ್ಕಿಂತ ಕೆಳಗೆ ಏನೂ ಇಡುವುದಿಲ್ಲ. ಬಗ್ಗುವವರಿಲ್ಲವಾದ್ದರಿಂದ ರಂಗೋಲಿಯನ್ನು ಗೋಡೆಗೆ ಹಾಕುತ್ತೇವೆ. ಕುಕ್ಕರಗಾಲು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ.

ಆ ದಿನ ಸಂತೆಯಲ್ಲಿ ಸೌತೆಕಾಯಿ ಕೊಳ್ಳುತ್ತಿದ್ದಾಗ ನನ್ನ ಹೊರುಗ ಕೆಟ್ಟು ನಿಂತಿತು. ನಾನು ಅಕ್ಕಿಮೂಟೆ ಬಿದ್ದಂತೆ ಬಿದ್ದೆ. ಸುತ್ತ ಜನ ಸೇರಿದರು, ಅಯ್ಯೋ ಪಾಪ ಎಂದರು, ಯಾರಿಗೂ ಬಗ್ಗಲು ಬರಲಿಲ್ಲ. ಆಗ ಹೊರುಗವೇ ಇಲ್ಲದ ಒಬ್ಬ ಮುದುಕಿ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅವಳೇ ಹೊನ್ನೂರಬಿ, ಆಗಿನ ವಸ್ತಾದಿ. “ಕಾಲು ನಿನ್ನವೋ, ಯಂತ್ರದವೋ?” ಎಂದು ಕೇಳಿದಳು. ನನ್ನವೇ ಎಂದೆ. “ಹಂಗಾರ ಏಳವಾ” ಎಂದು ನನ್ನದೇ ಸೌತೆಕಾಯಿ ಮುರಿದು ತಿನ್ನುತ್ತ ಕೂತಳು. ಕೈ ಕೊಡಲಿಲ್ಲ. ನಾನು ತೆವಳಿ, ತರಕಾರಿ ಕಟ್ಟೆ ಹಿಡಿದು, ಅತ್ತು, ಬೈದು, ಕೊನೆಗೆ ನಿಂತೆ. ಆ ಹೆಂಗಸಿನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಮರುದಿನ ಬೆಳಿಗ್ಗೆಯೇ ಗರಡಿ ಹುಡುಕಿಕೊಂಡು ಹೋದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೀದಿಯವರು ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ; ಮರ ಬಗ್ಗಲು ಬಹಳ ಕಾಲ ಬೇಕಾಯಿತು, ಬಗ್ಗುವಾಗ ಲಟಲಟ ಎಂದಿತು. ಮೊದಲ ವರ್ಷವಿಡೀ ಹೊನ್ನೂರಬಿ ಬೀಳುವುದನ್ನಷ್ಟೇ ಕಲಿಸಿದಳು. ಗಲ್ಲ ಎದೆಗೊತ್ತಿ, ಉಸಿರು ಬಿಟ್ಟು, ಬೆನ್ನು ಬಾಗಿಸಿ ಬೀಳುವುದು. ಬಿದ್ದ ಮೇಲೆ ಯಾರ ಕೈಯನ್ನೂ ಹಿಡಿಯದೆ ಏಳುವುದು. ಆಮೇಲೆ ಬಸ್ಕಿ, ದಂಡ, ಪಟ್ಟುಗಳು. ಅವಳ ನಂತರ ಸನಿಕೆ ನನ್ನ ಕೈಗೆ ಬಂತು. ದಿನಾ ನಸುಕಿಗೆ ಅಖಾಡದ ಕೆಮ್ಮಣ್ಣು ಅಗೆದು, ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಹದ ಮಾಡುವುದು ವಸ್ತಾದಿಯ ಕೆಲಸ. ಬರುವವರೆಲ್ಲ ನಡುವಯಸ್ಸಿನವರು, ಎಲ್ಲೋ ಒಂದು ದಿನ ಬಿದ್ದು ನಾಚಿಕೊಂಡವರು. ಅವರನ್ನು ಬೀಳಿಸಿ ಎಬ್ಬಿಸಿ ನನಗೀಗ ಅರವತ್ತೊಂಬತ್ತು. ಸನಿಕೆ ಎತ್ತಿದರೆ ಭುಜ ಬೇಡ ಎನ್ನುತ್ತದೆ. ಸಾಕಾಗಿದೆ, ತಾಯಿ. ನಿಜಕ್ಕೂ ಸಾಕಾಗಿದೆ.

ಆದರೆ ಸಾಕು ಎಂದ ಮಾತ್ರಕ್ಕೆ ಬಿಡುವಂತಿಲ್ಲ. ಶಿಷ್ಯರಲ್ಲೊಬ್ಬರು ಪೂರ್ತಿ ಬಲ ಹಾಕಿ ವಸ್ತಾದಿಯನ್ನು ಚಿತ್ ಮಾಡಬೇಕು, ಅಂದರೆ ಬೆನ್ನು ಮಣ್ಣಿಗೆ ತಾಗಿಸಬೇಕು. ಅವಳು ತಾನಾಗಿ ಎದ್ದು ಸನಿಕೆ ಕೊಡಬೇಕು. ಯಾರೂ ಚಿತ್ ಮಾಡದಿದ್ದರೆ, ವಸ್ತಾದಿ ಸತ್ತ ದಿನ ಗರಡಿಗೂ ಬೀಗ. ನನ್ನ ನಂತರ ಗರಡಿ ನಡೆಸಬಲ್ಲವಳೆಂದರೆ ನನ್ನ ಶಿಷ್ಯೆ ಮಾರೆಕ್ಕ. ಮೊದಲು ಹೊರುಗ ರಿಪೇರಿ ಮಾಡುತ್ತಿದ್ದಳು, ಎತ್ತಿನಂಥ ಹೆಗಲು. ವರ್ಷದಿಂದ ಅವಳನ್ನು ಕಣಕ್ಕೆ ಕರೆಯುತ್ತಿದ್ದೆ. ಪ್ರತಿಸಲವೂ ನನ್ನ ಸೊಂಟ ಹಿಡಿದು, ಎತ್ತಿ, ಕೊನೆಯ ಗಳಿಗೆಯಲ್ಲಿ ಪಟ್ಟು ಸಡಿಲಿಸಿ ತಾನೇ ಬಿದ್ದುಬಿಡುತ್ತಿದ್ದಳು. “ನಿನ್ನ ಎಲುಬು ಮುರದ್ರ ನಾ ಯಾರಿಗೆ ಅಮ್ಮಾ ಅನ್ನಲಿ?” ಎನ್ನುತ್ತಿದ್ದಳು. ಬೈದೆ, ಬೇಡಿಕೊಂಡೆ. ಪ್ರೀತಿಗೆ ಕಿವಿಯೇ ಇರುವುದಿಲ್ಲ.

ನಿನ್ನೆ ನಾನು ರಿಪೇರಿ ಮಾಡಿಸಿ ಅಟ್ಟಕ್ಕೆ ಹಾಕಿದ್ದ ನನ್ನ ಹಳೆಯ ಹೊರುಗ ಇಳಿಸಿ, ಧೂಳು ಒರೆಸಿ, ಕಟ್ಟಿಕೊಂಡು ಅಖಾಡಕ್ಕೆ ಹೋದೆ. ಅದು ಕಿರ್ರೆನ್ನುತ್ತ ನನ್ನನ್ನು ಹೊತ್ತು ಮಣ್ಣಿನ ನಡುವೆ ನಿಲ್ಲಿಸಿತು. ಮಾರೆಕ್ಕನ ಮುಖ ಕೆಂಪಾಯಿತು. “ತೆಗಿ ಅದನ್ನ! ತಲಿ ಕೆಟ್ಟದೇನು ನಿನಗ?” ಎಂದು ಕೂಗಿದಳು. ನೀನು ಹಿಡಿದುಕೊಂಡರೂ ಒಂದೇ, ಇದು ಹಿಡಿದುಕೊಂಡರೂ ಒಂದೇ, ಎಂದೆ. ಇದಕ್ಕಾದರೆ ಅಳುವುದು ಬರುವುದಿಲ್ಲ, ಎಂದೂ ಸೇರಿಸಿದೆ.

ಅವಳು ದಾಪುಗಾಲಿಟ್ಟು ನನ್ನೆದುರು ಬಂದಳು. ಆಮೇಲೆ ಮಂಡಿಯೂರಿ ಒಂದೊಂದೇ ಪಟ್ಟಿ ಬಿಚ್ಚಿ, ಹೊರುಗವನ್ನು ಹೊರಗೆಸೆದು, ನನ್ನ ಹೆಗಲಿಗೆ ಹಿಡಿ ಮಣ್ಣು ಹಾಕಿ ಕುಸ್ತಿಗೆ ಕೈ ಕೊಟ್ಟಳು. ಈ ಸಲ ಸಡಿಲಿಸಲಿಲ್ಲ. ನನ್ನ ಬೆನ್ನು ನೆಲಕ್ಕೆ ಬಡಿದ ಸದ್ದು ಹೊಳೆಯಾಚೆಗೂ ಕೇಳಿರಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನನಗೆ ಮೀಸೆಯಿಲ್ಲ, ಮಿಕ್ಕಿದ್ದೆಲ್ಲ ಮಣ್ಣಾಯಿತು. ಮಲಗಿದಲ್ಲೇ ಸುಖವೆನಿಸಿತು. ಆಮೇಲೆ ಮಗ್ಗುಲಾದೆ, ಮೊಣಕೈ ಊರಿದೆ, ಒಂದು ಮಂಡಿ, ಇನ್ನೊಂದು ಮಂಡಿ. ಮಧ್ಯೆ ಒಮ್ಮೆ ಆಗುವುದಿಲ್ಲ ಎಂದುಕೊಂಡು ನಿಂತೆ. ತಲೆಯೆತ್ತಿದರೆ ಮಾರೆಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಿಕ್ಕಿ ಬಿಕ್ಕಿ ಅಳುತ್ತ, ಮುಂದೆ ಬಾರದೆ ನಿಂತಿದ್ದಳು. ಅವಳು ಕಲಿತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಎದ್ದೆ. ಸನಿಕೆ ಕೊಟ್ಟೆ.

ಈಗ ಅವಳು ಮಣ್ಣು ಅಗೆಯುವ ಸದ್ದು ಕೇಳುತ್ತಿದೆ. ಓಲೆ ಬೇಗ ಮುಗಿಸಬೇಕು. ನಿಮ್ಮಲ್ಲಿ ಒಂದೇ ಬೇಡಿಕೆ. ಹೊರುಗವನ್ನು ಮಾಡಿದವರು ಕೆಟ್ಟವರಲ್ಲ, ತಾಯಿ. ಯಾರೋ ತಮ್ಮ ಅಮ್ಮ ಏಳಲು ಕಷ್ಟಪಡುವುದನ್ನು ನೋಡಲಾರದೆ ಮಾಡಿದರು. ನಿಮ್ಮ ಮನೆಯಲ್ಲೂ ಯಾರಾದರೂ ಊಟ ಮುಗಿಸಿ, ನೆಲಕ್ಕೆ ಕೈಯೂರಿ, ಉಸ್ಸೆಂದು ಏಳುತ್ತಿರಬಹುದು. ಪಕ್ಕದಲ್ಲೇ ಇರಿ. ಅವರು ಕೇಳುವವರೆಗೆ ನಿಮ್ಮ ಕೈ ಬೆನ್ನ ಹಿಂದೆ ಇರಲಿ.